ಏರಿನ ಮೇಲೊಂದು ಗೇಟು

ಈ ಗೇಟಿಗೆ ನನಗೆ ಬಿದ್ದ ಖರ್ಚು ಹದಿನಾಲ್ಕು ಸಾವಿರದ ಆರುನೂರು ರೂಪಾಯಿ. ಪೇಟೆಯ ವೆಲ್ಡಿಂಗ್ ಶಾಪಿನವನು ಮೊದಲು ಹೇಳಿದ್ದು ಇಪ್ಪತ್ತೆಂಟು ಸಾವಿರ. ಎರಡು ಸಲ ಅಂಗಡಿಯಿಂದ ಎದ್ದು ಹೊರಟು ಅದನ್ನು ಇಪ್ಪತ್ತೆರಡಕ್ಕೆ ಇಳಿಸಿದ್ದೆ. ಬೇರೆ ಯಾರಾದರೂ ಅಲ್ಲಿಗೇ ಮುಗಿಸುತ್ತಿದ್ದರು. ನಾನು ಕಬ್ಬಿಣಕ್ಕೆಷ್ಟು, ಕೂಲಿಗೆಷ್ಟು ಎಂದು ಬಿಡಿಸಿ ಕೇಳಿದೆ. ಹೆಚ್ಚುಕಡಿಮೆ ಅರ್ಧ ಕೂಲಿಯೇ ಎಂದು ಗೊತ್ತಾದ ಮೇಲೆ ಮೂರನೆಯ ಸಲ ಎದ್ದವನು ವಾಪಸ್ಸು ಹೋಗಲಿಲ್ಲ. ಹೀಗೆ ಐವತ್ತೊಂದನೆಯ ವಯಸ್ಸಿನಲ್ಲಿ ನಾನು ವೆಲ್ಡಿಂಗ್ ಕಲಿಯಲು ಹೋದೆ.

ಗೇಟು ಬೇಕಾದದ್ದು ಆನೆಯಿಂದಾಗಿ. ಯಸಳೂರಿನಿಂದ ವನಗೂರಿನ ಕಡೆ ಹೋಗುವಾಗ ಎಡಕ್ಕೆ ಏರುವ ಮಣ್ಣುದಾರಿಯ ತುದಿಯಲ್ಲಿ ನಮ್ಮ ಮನೆ. ಹಳೆಯ ಗೇಟನ್ನು ಆನೆ ಬೇಕೆಂದು ಮುರಿಯಲಿಲ್ಲ. ಕಂಬದಿಂದ ಕೆಡವಿ, ಅದರ ಮೇಲೆ ನಡೆದು, ಹಿಂದಿನ ಬೇಲಿ ದಾಟಿ ಹೋಯಿತು. ಒಳಗೆ ಅದಕ್ಕೆ ಏನೂ ಕೆಲಸವಿರಲಿಲ್ಲ, ನಮ್ಮ ಅಂಗಳ ಅದರ ದಾರಿಗೆ ಸಿಕ್ಕಿತು, ಅಷ್ಟೇ. ಇಂಥದ್ದರ ಬಗ್ಗೆ ನಮ್ಮಲ್ಲಿ ಯಾರೂ ಅರ್ಧ ಗಂಟೆಗಿಂತ ಹೆಚ್ಚು ಮಾತಾಡುವುದಿಲ್ಲ. ಕಬ್ಬಿಣದ ಕಂಬ ಎರಡೂ ಉಳಿದಿದ್ದವು. ಕಂಬ ಉಳಿದರೆ ಅರ್ಧ ಗೇಟು ಉಳಿದ ಹಾಗೆ ಎಂದು ನಾನು ಹೆಂಡತಿಗೆ ಹೇಳಿದೆ. ಉಳಿದರ್ಧ ಯಾವಾಗ ಎಂದು ಅವಳು ಕೇಳಿದಳು.

ಅದೇ ಹೊತ್ತಿಗೆ ನಮ್ಮ ಹತ್ತಿರದ, ಕಾಫಿ ದಾಸ್ತಾನು ಇಡುತ್ತಿದ್ದ ಹಳೆಯ ಸ್ಟೋರಿನಲ್ಲಿ ಒಂದು ಸಂಸ್ಥೆಯವರು ಮೂರು ತಿಂಗಳ ವೆಲ್ಡಿಂಗ್ ತರಬೇತಿ ಶುರುಮಾಡಿದರು. ಪುಕ್ಕಟೆ. ಪುಕ್ಕಟೆ ಎಂದರೆ ನಾನು ಮೊದಲು ನೋಡುವುದು ಷರತ್ತಿನ ಬಾಲ ಎಲ್ಲಿದೆ ಎಂದು. ಎಸ್ಟೇಟ್ ಎಸ್ಟೇಟ್ ತಿರುಗಿ ಖಾಲಿ ಗೋಣಿಚೀಲ ಕೊಂಡು ಹಾಸನಕ್ಕೆ ಸಾಗಿಸುವುದರಿಂದ ಬದುಕು ಶುರುಮಾಡಿದವನು ನಾನು. ಚೀಲದ ವ್ಯಾಪಾರದಿಂದ ಹಳೆಯ ಪೈಪು, ತಗಡು, ಅದರಿಂದ ನಾಲ್ಕು ಎಕರೆ ತೋಟ. ಅಷ್ಟು ದಾರಿಯಲ್ಲಿ ಪುಕ್ಕಟೆ ಎಂದು ಸಿಕ್ಕ ಸಾಮಾನಿಗೆಲ್ಲ ಆಮೇಲೆ ಏನಾದರೂ ತೆತ್ತಿದ್ದೇನೆ.

ಈ ಸಲ ಬಾಲವನ್ನು ಮೊದಲ ದಿನವೇ ತೋರಿಸಿದರು. ಪಾಠ ಹೇಳಲು ಬಂದವಳು ಆಲೂರು ಕಡೆಯ ಹುಡುಗಿ, ಡಿಪ್ಲೊಮಾ ಓದಿದವಳು, ಇಪ್ಪತ್ತಾರು ಇರಬಹುದು. ಎರಡು ಬಸ್ಸು ಹಿಡಿದು ಬರುತ್ತಿದ್ದಳು. ನಾವೆಲ್ಲ ಮೇಡಂ ಎಂದೇ ಕರೆದದ್ದರಿಂದ ಇಲ್ಲೂ ಹಾಗೇ ಬರೆಯುತ್ತೇನೆ.

"ಮೊದ್ಲೇ ಹೇಳ್ಬುಡ್ತೀನಿ," ಎಂದರು ಮೇಡಂ. "ನೀವು ಹತ್ತು ಜನ ಇದೀರಿ. ಮೂರ್ ತಿಂಗ್ಳಾದ್ಮೇಲೆ ಹಾಸನದಿಂದ ಸಾಹೇಬ್ರು ಬಂದು ನೋಡ್ತಾರೆ. ಹತ್ತು ಜನಾನೂ ಒಂದೊಂದು ಸಾಮಾನು ಮಾಡಿರ್ಬೇಕು, ಅದು ನಿಮ್ ಜಾಗದಲ್ಲಿ ಕೆಲ್ಸ ಮಾಡ್ತಿರ್ಬೇಕು. ಒಂಬತ್ತಾದ್ರೆ ಆಗಕ್ಕಿಲ್ಲ. ಮಿಷಿನ್ ವಾಪಸ್ ಹೋಗ್ತದೆ, ನಾನೂ ವಾಪಸ್."

"ನೀವ್ ಎಲ್ಲಿಗೆ ವಾಪಸ್ಸು?" ಎಂದು ಕೇಳಿದೆ.

"ಮೊಬೈಲ್ ಅಂಗಡಿಗೆ. ಎರಡು ವರ್ಷ ಸ್ಕ್ರೀನ್‌ಗಾರ್ಡ್ ಅಂಟಿಸಿದೀನಿ. ಇನ್ ಸಾಕು ಕಣ್ರೀ."

ಅಂದಮೇಲೆ ನಾವು ಕಲಿಯಬೇಕೆಂಬ ಗರಜು ನಮಗಿಂತ ಅವರಿಗೇ ಹೆಚ್ಚು. ವ್ಯಾಪಾರದಲ್ಲಿ ಇದು ತಿಳಿದರೆ ಸಾಕು, ಮುಂದಿನ ಮಾತು ಸಲೀಸು. ನಾನು ಅದನ್ನು ಮನಸ್ಸಿನಲ್ಲಿ ಇಟ್ಟುಕೊಂಡೆ.

ಪಾಠದ ಕ್ರಮ ಹೀಗಿತ್ತು: ಮೊದಲ ಎರಡು ವಾರ ಮಿಷಿನ್ನು ಮುಟ್ಟುವಂತಿಲ್ಲ. ಮಾಡಬೇಕಾದ ಸಾಮಾನಿನ ಚಿತ್ರ ಬರೆಯಬೇಕು. ಆಮೇಲೆ ಅದನ್ನೇ ರಟ್ಟಿನಲ್ಲಿ ಚಿಕ್ಕದಾಗಿ ಮಾಡಬೇಕು. ಆ ರಟ್ಟಿನ ಸಾಮಾನನ್ನು ಅದು ಕೊನೆಗೆ ನಿಲ್ಲುವ ಜಾಗಕ್ಕೆ ಒಯ್ದು, ಇಟ್ಟು, ಆಡಿಸಿ ನೋಡಿ, ಏನಾಯಿತು ಎಂದು ಬಂದು ಹೇಳಬೇಕು. ಕಬ್ಬಿಣ ಆಮೇಲೆ.

ನನ್ನ ಪಕ್ಕದಲ್ಲಿ ಕೂರುತ್ತಿದ್ದವಳು ವನಗೂರು ಕಡೆಯ ಒಂದು ಎಸ್ಟೇಟಿನ ಕೂಲಿಯವರ ಲೈನುಮನೆಯಲ್ಲಿ ಇರುವ ಹೆಂಗಸು. ಇಪ್ಪತ್ತು ವರ್ಷದಿಂದ ಕಾಫಿ ಹಣ್ಣು ಕುಯ್ಯುವವಳು. ಎತ್ತರದ ಗಿಡ ಬಗ್ಗಿಸಿದರೆ ರೆಂಬೆ ಮುರಿಯುತ್ತದೆ, ಬಗ್ಗಿಸದಿದ್ದರೆ ಕೈಗೆಟುಕುವುದಿಲ್ಲ. ಹಾಗಾಗಿ ಮುಂದಿನ ಕುಯ್ಲಿಗೆ ಇಳಿಜಾರಿನಲ್ಲಿ ಅಲುಗದೆ ನಿಲ್ಲುವ ಗಿಡ್ಡ ಏಣಿ ಮಾಡಿಕೊಳ್ಳಬೇಕು ಎಂದು ಬಂದಿದ್ದಳು. ಸ್ಕೇಲು ಹಿಡಿದು ಗೆರೆ ಎಳೆಯಲು ಆಕೆಗೆ ಬರಲಿಲ್ಲ. ಕಾಗದದ ತುಂಬ ರಂಗೋಲಿಯ ಹಾಗೆ ಚುಕ್ಕಿ ಇಟ್ಟು, ಚುಕ್ಕಿಯಿಂದ ಚುಕ್ಕಿಗೆ ಏಣಿಯನ್ನು ಎಳೆದಳು. ನಮ್ಮ ಹತ್ತು ಚಿತ್ರಗಳಲ್ಲಿ ನೋಡಿದ ತಕ್ಷಣ ಏನೆಂದು ಗೊತ್ತಾಗುತ್ತಿದ್ದದ್ದು ಅದೊಂದೇ. ರಟ್ಟು ಬಗ್ಗುತ್ತದೆ ಎಂದು ಕಾಫಿ ಗಿಡದ ಕಡ್ಡಿಗಳನ್ನು ಕಟ್ಟಿ ಪುಟ್ಟ ಏಣಿ ಮಾಡಿದಳು. ತೋಟಕ್ಕೆ ಒಯ್ದಳು. ಮಾರನೆಯ ದಿನ ಬಂದು, "ಮೂರ್ ಕಡೆ ಇಟ್ಟೆ, ಮೂರ್ ಕಡೇನೂ ಬಿದ್ಬುಡ್ತು ಮೇಡಂ," ಎಂದು ಹೇಳಿದಳು. ಮೇಡಂಗೆ ಬಹಳ ಸಂತೋಷವಾಯಿತು. ಬಿದ್ದದ್ದಕ್ಕೆ ಸಂತೋಷಪಡುವವರ ಹತ್ತಿರ ಏನು ಕಲಿಯುವುದು ಎಂದು ನನಗೆ ಅನುಮಾನ ಬಂತು.

ನನ್ನದು ಗೇಟು. ಗೇಟು ಯಾರಿಗೆ ಗೊತ್ತಿಲ್ಲ? ನಾಲ್ಕು ಪಟ್ಟಿ ಸುತ್ತ, ನಡುವೆ ಸರಳು. ಐದಡಿಯ ಎರಡು ಬಾಗಿಲು. ಇದಕ್ಕೆ ಎರಡು ವಾರ ಚಿತ್ರ ಬರೆಯುವುದು ನನಗೆ ಸರಿಕಾಣಲಿಲ್ಲ. ಮಧ್ಯಾಹ್ನ ಊಟದ ಹೊತ್ತಿಗೆ ಮೇಡಂ ಹತ್ತಿರ ಹೋದೆ.

"ಮೇಡಂ, ಈ ಚಿತ್ರ, ರಟ್ಟು ಎಲ್ಲ ನಂಗೆ ಬ್ಯಾಡ ಬುಡಿ. ಆ ಎರಡು ವಾರಾನೂ ವೆಲ್ಡಿಂಗೇ ಹೇಳ್ಕೊಡಿ."

"ಇಲ್ಲಿ ಫಿಕ್ಸೆಡ್ ರೇಟ್ ಕಣ್ರೀ. ಚೌಕಾಸಿ ಇಲ್ಲ."

"ಚೌಕಾಸಿ ಅಲ್ಲ. ನಿಮ್ಗೆ ಪ್ರಾಕ್ಟೀಸ್‌ಗೆ ಪೈಪು ಸಾಲ್ತಾ ಇಲ್ಲ. ಹತ್ತು ಜನಕ್ಕೆ ಆರು ತುಂಡು ಐತೆ, ನಾನು ನೋಡಿದೀನಿ. ನಮ್ಮ ಹಿತ್ತಲಲ್ಲಿ ಒಂದು ಜೀಪು ಹಳೇ ಪೈಪು ಬಿದ್ದೈತೆ."

ಅವರು ಊಟದ ಡಬ್ಬಿಯ ಮುಚ್ಚಳ ಹಾಕಿ, ತೆಗೆದು, ಮತ್ತೆ ಹಾಕಿದರು. "ಒಂದು ಜೀಪಾ?"

"ತುಂಬಿದ ಜೀಪು."

ಹೀಗೆ ನಾನು ಚಿತ್ರ ಮತ್ತು ರಟ್ಟಿನಿಂದ ಬಿಡುಗಡೆ ಪಡೆದೆ. ಆ ಪೈಪಿಗೆ ಗುಜರಿಯಲ್ಲೂ ಬೆಲೆ ಇರಲಿಲ್ಲ. ಜೀವನದಲ್ಲಿ ಕೆಲವು ಒಳ್ಳೆಯ ವ್ಯಾಪಾರ ಮಾಡಿದ್ದೇನೆ, ಇದನ್ನೂ ಆ ಪಟ್ಟಿಗೆ ಸೇರಿಸಿದೆ.

ವೆಲ್ಡಿಂಗ್ ನನಗೆ ಬೇಗ ಹತ್ತಿತು. ಮೊದಲ ವಾರ ವೆಲ್ಡಿಂಗ್ ಕಡ್ಡಿ ಪೈಪಿಗೆ ಅಂಟಿಕೊಂಡು ಬಿಡುತ್ತಿತ್ತು; ಎಳೆದರೆ ಪೈಪೂ ಜೊತೆಗೇ ಬರುತ್ತಿತ್ತು. ಎರಡನೆಯ ವಾರ ಪೈಪಿಗೆ ತೂತು ಬಿತ್ತು. ಮೂರನೆಯ ವಾರದ ಹೊತ್ತಿಗೆ ಕೈ ನಡುಗದೆ ಒಂದೇ ಸಮ ಎಳೆಯಲು ಬಂತು. ಕರಗಿದ ಕಬ್ಬಿಣ ಆರಿದ ಮೇಲೆ ಸುತ್ತಿಗೆಯಿಂದ ತಟ್ಟಿದರೆ ಕಪ್ಪು ಪೊರೆ ಕಳಚಿ ಒಳಗೆ ಬೆಳ್ಳಗಿನ ಗೆರೆ ಕಾಣುತ್ತದೆ. ಅದು ಮೀನಿನ ಹುರುಪೆಯ ಹಾಗೆ ಒಂದರ ಮೇಲೊಂದು ಕೂತಿರಬೇಕು. ನನ್ನದು ಹಾಗೇ ಕೂತಿತ್ತು. ಮೇಡಂ ಉಳಿದವರನ್ನು ಕರೆದು ತೋರಿಸಿದರು. ಏಣಿಯ ಹೆಂಗಸು ಬಗ್ಗಿ ನೋಡಿ, "ಅಣ್ಣ, ನಿಮ್ ಕೈ ಚೆನ್ನಾಗೈತೆ," ಎಂದಳು. ಆ ಹೊತ್ತಿಗೆ ಆಕೆ ಇನ್ನೂ ಏಣಿಗೆ ಹಿಂದಿನಿಂದ ಆನುವ ಮೂರನೆಯ ಕಾಲು ಎಷ್ಟು ಉದ್ದ ಬೇಕು ಎಂದು ಕಡ್ಡಿ ಕಟ್ಟುತ್ತ ಕೂತಿದ್ದಳು.

ಗೇಟನ್ನು ನಾನು ಜೋಡಿಸಿದ್ದು ಸ್ಟೋರಿನ ಮುಂದಿನ ಕಣದಲ್ಲಿ. ಕಾಫಿ ಒಣಗಿಸಲೆಂದು ಸಿಮೆಂಟು ಹಾಕಿದ ಕಣ ಅದು. ನಮ್ಮ ಸೀಮೆಯಲ್ಲಿ ಮಟ್ಟಸವಾದ ಜಾಗ ಎಂದರೆ ಕಾಫಿ ಕಣಗಳು ಮಾತ್ರ. ಎರಡು ತಾತ್ಕಾಲಿಕ ಕಂಬ ನಿಲ್ಲಿಸಿ, ಬಾಗಿಲು ನೇತುಹಾಕಿ, ಒಂದು ಬೆರಳಿನಲ್ಲಿ ತಳ್ಳಿದೆ. ಎರಡೂ ಬಾಗಿಲು ಸದ್ದಿಲ್ಲದೆ ಪೂರ್ತಿ ತೆರೆದುಕೊಂಡವು. ಎಲ್ಲರೂ ಒಂದೊಂದು ಸಲ ತಳ್ಳಿ ನೋಡಿದರು. ಸಾಹೇಬರು ಬರಲು ಇನ್ನೂ ಹದಿನೆಂಟು ದಿನವಿತ್ತು. ಹತ್ತು ಜನರಲ್ಲಿ ಮೊದಲು ಮುಗಿಸಿದವನು ನಾನೇ.

ಗೇಟನ್ನು ಜೀಪಿನಲ್ಲಿ ಮನೆಗೆ ತಂದು, ಹಳೆಯ ಕಂಬಕ್ಕೆ ಕೀಲು ಬೆಸೆದು, ನೇತುಹಾಕಿದೆ. ಹೆಂಡತಿ ಬಂದು ನಿಂತಳು. ಬಾಗಿಲನ್ನು ಒಳಕ್ಕೆ ತಳ್ಳಿದೆ. ಒಂದೂವರೆ ಅಡಿ ಹೋಗಿ ನಿಂತಿತು.

ನಮ್ಮ ದಾರಿ ಏರು. ಗೇಟಿನಿಂದ ಒಳಕ್ಕೆ ಹೋದ ಹಾಗೆ ನೆಲ ಮೇಲೇಳುತ್ತದೆ. ಅದೇ ದಾರಿಯಲ್ಲಿ ಹತ್ತೊಂಬತ್ತು ವರ್ಷದಿಂದ ದಿನಕ್ಕೆ ನಾಲ್ಕು ಸಲ ಹತ್ತಿ ಇಳಿದಿದ್ದೇನೆ. ಹಳೆಯ ಗೇಟು ಬಿದಿರಿನ ಗಳುಗಳದ್ದು; ಕಂಬದ ತೂತಿಗೆ ತೂರಿಸಿ, ಬೇಕಾದಾಗ ಎಳೆದು ಪಕ್ಕಕ್ಕಿಡುವಂಥದ್ದು. ಅದಕ್ಕೆ ಏರಿನ ಚಿಂತೆ ಇರಲಿಲ್ಲ, ಹಾಗಾಗಿ ನನಗೂ ಇರಲಿಲ್ಲ.

"ರೀ, ಇಷ್ಟೇನಾ ತೆಗೆಯೋದು?" ಎಂದಳು ಹೆಂಡತಿ.

"ನೀನು ಬರಕ್ಕೆ ಸಾಕಲ್ಲ ಮಾರಾಯ್ತಿ."

"ನಂಗೆ ಸಾಕು. ಜೀಪಲ್ಲಿರೋ ಗೊಬ್ಬರದ ಮೂಟೆಗೆ ಹೇಳಿ."

ಹೊರಕ್ಕೆ ತೆರೆಯುವಂತೆ ಮಾಡಲು ಆಗದು. ಹೊರಗೆ ಚರಂಡಿ, ಅದರಾಚೆ ತಿರುವು. ಏರಿ ಬರುವ ಜೀಪಿನ ಮೂತಿಗೇ ಬಾಗಿಲು ಹೊಡೆಯುತ್ತದೆ. ಹಾಗಾದರೆ ನೆಲ ತಗ್ಗಿಸೋಣ ಎಂದು ಎರಡು ದಿನ ಅಗೆಸಿದೆ. ಗೇಟು ತೆರೆಯಿತು. ಮೂರನೆಯ ದಿನ ಹೂಮಳೆ ಬಂತು. ಕಾಫಿಗೆ ಅದಕ್ಕಿಂತ ಒಳ್ಳೆಯ ಮಳೆ ಇಲ್ಲ. ಮೇಲಿನ ಮಣ್ಣೆಲ್ಲ ಇಳಿದು ಬಂದು ನಾನು ತೆಗೆಸಿದ ತಗ್ಗಿನಲ್ಲಿ ಕೂತಿತು. ಈಗ ಬಾಗಿಲು ಒಂದಡಿ ಮಾತ್ರ ತೆರೆಯುತ್ತಿತ್ತು.

ಏಣಿಯ ಹೆಂಗಸು ತರಬೇತಿಗೆ ಹೋಗುವಾಗ ನಮ್ಮ ದಾರಿಯ ಬುಡದಲ್ಲೇ ಹಾದು ಹೋಗುತ್ತಿದ್ದಳು. ಮಣ್ಣಿನಲ್ಲಿ ಬಾಗಿಲು ಗೀರಿದ ಕಮಾನನ್ನು ನೋಡಿ ನಿಂತಳು.

"ಅಣ್ಣ, ಗೇಟು ಹಾಕಿದೀರಾ, ನೇಗ್ಲು ಹೂಡಿದೀರಾ?"

"ನಿನ್ ಏಣಿ ನಿಲ್ತೇನಕ್ಕ?"

"ನಿಂತೈತೆ. ಮೂರ್ನೇ ಕಾಲು ಜಗ್ಗಿದ್ರೆ ಉದ್ದ ಆಗೋ ಹಂಗೆ ಮಾಡ್ದೆ. ಹತ್ ಸಲ ಬಿತ್ತು ಕಣಣ್ಣ, ಹನ್ನೊಂದ್ನೇ ಸಲ ನಿಂತ್ಕತು."

ಎಂಟು ದಿನ ಉಳಿದಿತ್ತು. ಉಳಿದ ಒಂಬತ್ತು ಜನರ ಸಾಮಾನೂ ತಯಾರಾಗಿತ್ತು: ಒಬ್ಬನ ಹಟ್ಟಿ ಬಾಗಿಲು, ಒಬ್ಬನ ಬೈಕ್ ಸ್ಟ್ಯಾಂಡು, ಹೀಗೆ. ಕೈಕೊಟ್ಟದ್ದು ಎಲ್ಲರಿಗಿಂತ ಮುಂಚೆ ಮುಗಿದಿದ್ದ ಸಾಮಾನು. ನಾನು ಗುಜರಿಯವನ ಹತ್ತಿರ ಹೋಗಿ ಒಂದು ಹಳೆಯ ಚಪ್ಪಲಿ ಸ್ಟ್ಯಾಂಡಿಗೆ ಬೆಲೆ ಮಾತಾಡಿ, ಅಲ್ಲಿಂದಲೇ ಮೇಡಂಗೆ ಫೋನು ಮಾಡಿದೆ.

"ಹತ್ತಾಗ್ತದೆ ಮೇಡಂ, ಯೋಚ್ನೆ ಬೇಡ. ಗೇಟು ಬುಡಿ, ಸ್ಟ್ಯಾಂಡ್ ತೋರ್ಸೋಣ."

"ಆ ಸ್ಟ್ಯಾಂಡ್ ನೀವ್ ಮಾಡಿದ್ದಾ?"

"ಬಣ್ಣ ನಾನೇ ಹೊಡಿತೀನಿ."

"ಬ್ಯಾಡ," ಎಂದರು ಮೇಡಂ. "ಸುಳ್ಳು ಹೇಳಿ ಉಳ್ಸ್ಕೊಂಡ್ರೆ ನಾಳೆ ಇನ್ನೊಬ್ರಿಗೆ ಏನಂತ ಪಾಠ ಹೇಳ್ಲಿ? ತಪ್ಪು ನಂದೂ ಐತೆ. ಪೈಪಿನ ಆಸೆಗೆ ನಿಮ್ನ ಬುಟ್ಬುಟ್ಟೆ. ಭಾನುವಾರ ಬರ್ತೀನಿ. ಮನೇಲಿ ರಟ್ಟೈತಾ?"

ಭಾನುವಾರ ಬೆಳಿಗ್ಗೆ ಮೇಡಂ ಬಂದರು. ದಾರಿಯಲ್ಲಿ ಸಿಕ್ಕಳೆಂದು ಏಣಿಯ ಹೆಂಗಸೂ ಜೊತೆಗೆ ಬಂದಳು. ನಾನು ಕತ್ತರಿಸುವ ಮಿಷಿನ್ನು, ಟೇಪು, ಪೈಪು ಎಲ್ಲ ಸಿದ್ಧ ಮಾಡಿಟ್ಟಿದ್ದೆ. ಮೇಡಂ ಅದರ ಕಡೆ ನೋಡಲೂ ಇಲ್ಲ. ಬಿಸ್ಕತ್ತಿನ ರಟ್ಟಿನ ಪೆಟ್ಟಿಗೆಯಿಂದ ಅಂಗೈಯಗಲದ ಬಾಗಿಲು ಕತ್ತರಿಸಿ ನನ್ನ ಕೈಗೆ ಕೊಟ್ಟರು. ಗೇಟಿನ ಪಕ್ಕದಲ್ಲೇ ನೆಲದಲ್ಲಿ ಕೂರಿಸಿದರು.

"ಆಡ್ಸಿ."

"ಏನ್ ಆಡ್ಸೋದು?"

"ನಂಗೂ ಗೊತ್ತಿಲ್ಲ. ಅದಕ್ಕೇ ಆಡ್ಸಿ ಅಂದಿದ್ದು."

ಇದು ಪಾಠ ಹೇಳುವವರು ಆಡುವ ಮಾತಲ್ಲ ಎಂದುಕೊಂಡೆ. ಹೆಂಡತಿ ಕಾಫಿ ತಂದವಳು ಒಳಗೆ ಹೋಗದೆ ಅಲ್ಲೇ ನಿಂತಳು. ಮಣ್ಣಿನಲ್ಲಿ ಒಂದು ಏರು ಗುಡ್ಡೆ ಮಾಡಿ, ಪೊರಕೆ ಕಡ್ಡಿಯೊಂದನ್ನು ಕಂಬವೆಂದು ನೆಟ್ಟಗೆ ಚುಚ್ಚಿ, ರಟ್ಟಿನ ಬಾಗಿಲಿನ ಅಂಚನ್ನು ಅದಕ್ಕೆ ಮೇಲೊಂದು ಕೆಳಗೊಂದು ದಾರದಿಂದ ಕಟ್ಟಿ, ತಳ್ಳಿದೆ. ನಿಜವಾದ ಗೇಟಿನ ಹಾಗೇ ಏರಿಗೆ ತಾಗಿ ನಿಂತಿತು. ಕಡ್ಡಿ ಎತ್ತರಿಸಿದೆ, ಅಡಿಯಲ್ಲಿ ನಾಯಿ ನುಗ್ಗುವಷ್ಟು ಸಂದು. ರಟ್ಟಿನ ಕೆಳಗಂಚನ್ನು ಓರೆಯಾಗಿ ಕತ್ತರಿಸಿದೆ. ತೆರೆಯಿತು, ಮುಚ್ಚಿದಾಗ ಒಂದು ಮೂಲೆ ಬಾಯಿಬಿಟ್ಟಿತು. ಹೆಂಡತಿ, "ಅಲ್ಲಿಂದ ಹಂದಿ ಬರ್ತದೆ," ಎಂದಳು. ಮತ್ತೊಂದು ರಟ್ಟು. ಅರ್ಧ ಗಂಟೆಯಾಯಿತು. ಐವತ್ತೊಂದು ವರ್ಷದವನು ಮೂವರು ಹೆಂಗಸರ ನಡುವೆ ಮಣ್ಣಿನಲ್ಲಿ ಕೂತು ರಟ್ಟು ಆಡಿಸುತ್ತಿದ್ದೆ. ಕೆಳಗಿನ ರಸ್ತೆಯಲ್ಲಿ ಒಂದು ಜೀಪು ನಿಧಾನ ಮಾಡಿ, ನೋಡಿ, ಹೋಯಿತು.

ರೇಗಿಹೋಗಿ ರಟ್ಟಿನ ಬಾಗಿಲನ್ನು ಜೋರಾಗಿ ಒತ್ತಿದೆ. ಮಣ್ಣು ಸಡಿಲವಾಗಿತ್ತು, ಕಡ್ಡಿಯ ತುದಿ ರಸ್ತೆಯ ಕಡೆಗೆ ವಾಲಿತು. ಬುಡ ಅಲ್ಲೇ ಇತ್ತು. ಅದೇ ವಾಲಿದ ಕಡ್ಡಿಯ ಮೇಲೆ ರಟ್ಟು ತಿರುಗಿದಾಗ ಅದರ ಮೂತಿ ತಾನಾಗಿ ಮೇಲೆದ್ದು ಏರನ್ನು ಹತ್ತಿ ಹೋಯಿತು. ನೆಲಕ್ಕೆ ಎಲ್ಲೂ ತಾಗಲಿಲ್ಲ.

ಮತ್ತೊಮ್ಮೆ ಮುಚ್ಚಿ ತೆರೆದೆ. ಮತ್ತೆ ಹತ್ತಿತು.

"ಅಯ್ಯೋ, ಅಣ್ಣ, ಹಸು ಕತ್ತೆತ್ತಿದಂಗೆ ಎತ್ತುತೈತೆ ನೋಡಿ!" ಎಂದಳು ಏಣಿಯ ಹೆಂಗಸು.

"ಕಡ್ಡಿ ಮುಟ್ಬೇಡಿ, ಹಂಗೇ ಇರ್ಲಿ," ಎಂದು ಮೇಡಂ ಸ್ಕೇಲು ತೆಗೆದರು. ಎಷ್ಟು ವಾಲಿದೆ ಎಂದು ಅಳೆದು, ಅದನ್ನು ನಿಜವಾದ ಗೇಟಿನ ಅಳತೆಗೆ ಹಿಗ್ಗಿಸಿ ಲೆಕ್ಕ ಹಾಕಿದರು. ಕಂಬ ವಾಲಿಸಬೇಕಿಲ್ಲ. ಕೆಳಗಿನ ಕೀಲನ್ನು ಮೇಲಿನದಕ್ಕಿಂತ ಐದು ಇಂಚು ಒಳಕ್ಕೆ ಕೂರಿಸಿದರೆ ಸಾಕು. ಮುಚ್ಚಿದಾಗ ಎಲ್ಲ ಗೇಟಿನಂತೆ ಮಟ್ಟವಾಗಿ ಇರುತ್ತದೆ, ತೆರೆದಾಗ ಮೂತಿ ಎತ್ತುತ್ತದೆ.

ಇದು ಆಟದಿಂದ ಸಿಕ್ಕಿದ್ದು, ಒಪ್ಪಿದೆ. ಆದರೆ ಆಟದಿಂದ ಗೇಟು ನಿಲ್ಲುವುದಿಲ್ಲ. ಐದು ಇಂಚು ಒಳಕ್ಕೆ ಎಂದರೆ ಅಷ್ಟುದ್ದದ ಕಬ್ಬಿಣದ ತೋಳು ಕಂಬದಿಂದ ಚಾಚಿಕೊಂಡಿರಬೇಕು, ಬಾಗಿಲಿನ ಭಾರವೆಲ್ಲ ಆ ತೋಳಿನ ಬುಡದ ಬೆಸುಗೆಯ ಮೇಲೆ. ರಟ್ಟಿಗೆ ಭಾರ ಇರುವುದಿಲ್ಲ. ಮೊದಲ ಸಲ ಬೆಸೆದದ್ದನ್ನು ಮೇಡಂ ಸುತ್ತಿಗೆಯಲ್ಲಿ ಒಂದೇ ಏಟಿಗೆ ಕಳಚಿದರು. ಎರಡನೆಯದಕ್ಕೆ ಮೂರು ಏಟು ಬೇಕಾಯಿತು. ಮೂರನೆಯ ಸಲ ನಾನು ಕೆಳಗೊಂದು ಓರೆ ಆನಿಕೆ ಕೊಟ್ಟು, ಎರಡೂ ಬದಿಯಿಂದ ಬೆಸೆದೆ. ಅವರು ಹೊಡೆದು ಹೊಡೆದು, ಸುತ್ತಿಗೆಯನ್ನು ನನಗೇ ಕೊಟ್ಟು, "ನೀವ್ ಹೊಡೀರಿ," ಎಂದರು. ಕಳಚಲಿಲ್ಲ. ಎಡಗೈ ಹೆಬ್ಬೆರಳಿನ ಉಗುರು ಹೋದದ್ದು ಆ ಹೊತ್ತಿನಲ್ಲೇ.

ಬಾಗಿಲು ನೇತುಹಾಕಿದ ಮರುದಿನವೇ ಸಾಹೇಬರು ಬಂದರು. ಒಂಬತ್ತು ಕಡೆ ನೋಡಿ, ಕೊನೆಗೆ ನಮ್ಮ ದಾರಿ ಹತ್ತಿದರು. ಅವರ ಜೀಪಿನ ಹಿಂದಿನ ಸೀಟಿನಲ್ಲಿ ಮೇಡಂ ಬ್ಯಾಗು ತಬ್ಬಿಕೊಂಡು ಕೂತಿದ್ದರು. ನಾನು ಬಾಗಿಲು ತೆರೆದೆ. ಎರಡೂ ಮೂತಿ ಎತ್ತಿಕೊಂಡು ಏರು ಹತ್ತಿದವು. ಜೀಪು ಒಳಗೆ ಬಂತು.

"ಇದೇನು, ಓರೆಯಾಗಿದೆಯಲ್ಲ?" ಎಂದರು ಸಾಹೇಬರು.

ನಾನು ವಿವರಿಸಲು ಬಾಯಿ ತೆರೆದೆ. ಅಷ್ಟರಲ್ಲಿ ಕೈ ಬಿಟ್ಟಿದ್ದ ಬಾಗಿಲು ತನ್ನ ಭಾರಕ್ಕೆ ತಾನೇ ಇಳಿದು ಬಂದು ಜೀಪಿನ ಹಿಂಭಾಗಕ್ಕೆ ಟಣ್ ಎಂದು ತಗುಲಿತು. ಮೂತಿ ಎತ್ತಿದ ಗೇಟು ಬಿಟ್ಟರೆ ಮುಚ್ಚಿಕೊಳ್ಳುತ್ತದೆ ಎಂಬುದನ್ನು ನಾವ್ಯಾರೂ ಯೋಚಿಸಿರಲಿಲ್ಲ. ಮೇಡಂ ಕಣ್ಣು ಮುಚ್ಚಿದರು.

ಸಾಹೇಬರು ಇಳಿದು ಜೀಪನ್ನು ನೋಡಿದರು, ಗೇಟನ್ನು ನೋಡಿದರು. "ತಾನಾಗೇ ಮುಚ್ಚಿಕೊಳ್ಳುತ್ತಾ?"

"ದನ ನುಗ್ತಾವೆ ಸಾರ್. ಅದಕ್ಕೇ ಅಂತ ಹಂಗ್ ಮಾಡಿದ್ದು," ಎಂದೆ.

ಮೇಡಂ ಎದುರಿನ ಗುಡ್ಡ ನೋಡತೊಡಗಿದರು. ಸಾಹೇಬರು ಏನೋ ಬರೆದುಕೊಂಡು, ನಕ್ಷೆ ಕೇಳಿದರು. ಉಳಿದವರೆಲ್ಲ ಕೊಟ್ಟಿದ್ದರು. ನನ್ನ ಹತ್ತಿರ ಇದ್ದದ್ದು ಮಣ್ಣು ಮೆತ್ತಿದ ರಟ್ಟು, ಪೊರಕೆ ಕಡ್ಡಿ. ಅದನ್ನೇ ಕೊಟ್ಟೆ. ಅವರು ತಿರುಗಿಸಿ ನೋಡಿದರು. ಹಿಂದೆ ಬಿಸ್ಕತ್ತಿನ ಚಿತ್ರವಿತ್ತು. ಪಿನ್ನು ಹೊಡೆಯಲು ಆಗದೆ ದಾರ ಹಾಕಿ ಫೈಲಿಗೆ ಕಟ್ಟಿಕೊಂಡರು. ಫೈಲು ಮುಚ್ಚಲಿಲ್ಲ.

ಹದಿನೈದು ದಿನಕ್ಕೆ ಕಾಗದ ಬಂತು: ಹತ್ತಕ್ಕೆ ಹತ್ತು, ಮಿಷಿನ್ನು ಇಲ್ಲೇ ಇರಲಿ, ಇನ್ನೊಂದು ತಂಡಕ್ಕೆ ಒಪ್ಪಿಗೆ. ಒಂದೇ ತಂಡಕ್ಕೆ. ಒಂದು ವರ್ಷಕ್ಕೆ ಮಾಡಿಸಿಕೊಡುತ್ತೇನೆ ಎಂದು ಮೇಡಂಗೆ ಹೇಳಿ ನಾನು ಸಾಹೇಬರಿಗೆ ಮೂರು ಸಲ ಫೋನು ಮಾಡಿದೆ, ಆಗಲಿಲ್ಲ. ಮೇಡಂ, "ಮೂರು ತಿಂಗ್ಳು ಸಿಕ್ತಲ್ಲ, ಸದ್ಯಕ್ಕೆ ಸಾಕು," ಎಂದರು. ಎಲ್ಲರಿಗೂ ಸರ್ಟಿಫಿಕೇಟು ಕೊಟ್ಟರು, ನನಗೆ ಕೊಡಲಿಲ್ಲ.

"ನಂದು ಯಾಕ್ ಕೊಡ್ಲಿಲ್ಲ ಮೇಡಂ?"

"ಎರಡು ವಾರ ಬಾಕಿ ಐತೆ ನಿಮ್ದು."

"ಗೇಟು ನಿಂತೈತಲ್ಲ?"

"ಗೇಟಿಗೆ ಅಲ್ಲ ಸರ್ಟಿಫಿಕೇಟು ಕೊಡೋದು."

ಹೊಸ ತಂಡ ಶುರುವಾದಾಗ ಮೊದಲ ಎರಡು ವಾರ ನಾನೂ ಹೋಗಿ ಕೂತೆ. ಈ ಸಲ ಪೈಪಿನ ಮಾತೆತ್ತಲಿಲ್ಲ. ಚುಕ್ಕಿ ಇಟ್ಟು ಗೆರೆ ಎಳೆದೆ. ಸ್ಕೇಲಿಗಿಂತ ಅದು ನನಗೂ ಸುಲಭವಾಯಿತು. ಹಿತ್ತಲಿನ ಒಂದು ನೀರಿನ ತೊಟ್ಟಿಯ ಮುಚ್ಚಳಕ್ಕೆ ರಟ್ಟು ಕತ್ತರಿಸಿದೆ. ಎರಡು ಸಲ ಕೆಟ್ಟಿತು. ಬಂದು ಹೇಳಿದೆ. ಮೇಡಂಗೆ ಸಂತೋಷವಾಯಿತು. ಸರ್ಟಿಫಿಕೇಟನ್ನು ಹೆಂಡತಿ ಗೋಡೆಗೆ ಹಾಕಿದ್ದಾಳೆ, ನನಗೆ ಕಾಣುವ ಕಡೆ.

ಈಗ ನಿಮಗೆ. ಏರಿನ ಜಾಗದಲ್ಲಿ ಗೇಟು ಹಾಕಿಸುವವರಿದ್ದರೆ ಟೇಪು ಹಿಡಿಯುವ ಮೊದಲು ಒಂದು ಹಗ್ಗ ತೆಗೆದುಕೊಳ್ಳಿ. ಬಾಗಿಲಿನ ಅಗಲಕ್ಕೆ ಸರಿಯಾಗಿ ಕತ್ತರಿಸಿ, ಬಾಗಿಲಿನ ಕೆಳಗಂಚು ಬರುವ ಎತ್ತರಕ್ಕೆ ಕಂಬಕ್ಕೆ ಕಟ್ಟಿ, ಬಿಗಿಯಾಗಿ ಮಟ್ಟಕ್ಕೆ ಹಿಡಿದು ಬಾಗಿಲು ತೆರೆಯುವ ಕಡೆಗೆ ಕಾಲು ಸುತ್ತು ನಡೆಯಿರಿ. ಹಗ್ಗ ಎಲ್ಲಿ ನೆಲ ಮುಟ್ಟುತ್ತದೋ ಗೇಟು ಅಲ್ಲಿ ನಿಲ್ಲುತ್ತದೆ. ಕೀಲು ಎಷ್ಟು ಒಳಕ್ಕೆ ಎಂದು ನನ್ನ ಐದು ಇಂಚನ್ನು ನಕಲು ಮಾಡಬೇಡಿ, ನಿಮ್ಮ ಏರು ಬೇರೆ. ತೆರೆದ ಬಾಗಿಲಿಗೆ ಆನಿಸಲು ಒಂದು ಕಲ್ಲು ಇಟ್ಟುಕೊಳ್ಳಿ, ಮುಖ್ಯವಾಗಿ ದೊಡ್ಡವರು ಬರುವ ದಿನ.

ಏನನ್ನಾದರೂ ಕಲಿಯಲು ಹೋದರೆ ಕಬ್ಬಿಣದ ಮೇಲೆ ಚೌಕಾಸಿ ಮಾಡಿ, ಹೊತ್ತಿನ ಮೇಲೆ ಮಾಡಿ, ಬೇಕಾದರೆ ಚಹಾದ ಮೇಲೂ ಮಾಡಿ. ಪಾಠದ ಮೇಲೆ ಬೇಡ. ಇದು ನನಗೆ ಬೇಡ ಎಂದು ನಿಮಗೆ ಯಾವ ಭಾಗ ಅನ್ನಿಸುತ್ತದೋ ಅದನ್ನೇ ಮೊದಲು ಕಲಿಯಿರಿ. ಕೈ ಚೆನ್ನಾಗಿರುವವರು ಇದನ್ನು ಎರಡು ಸಲ ಓದಿ. ಚಿತ್ರ ಚೆನ್ನಾಗಿ ಬರೆಯುವವರೂ ಒಂದು ಸಲ ತಮ್ಮ ಬೆಸುಗೆಯನ್ನು ಸುತ್ತಿಗೆಯಿಂದ ಹೊಡೆಸಿ ನೋಡಿ. ರಟ್ಟನ್ನು ದುಡ್ಡು ಕೊಟ್ಟು ಕೊಳ್ಳಬೇಡಿ. ದಿನಸಿ ಅಂಗಡಿಗೆ ತಿಂಗಳ ಮೊದಲ ವಾರ ಸಾಮಾನು ಬರುತ್ತದೆ. ಬೆಳಿಗ್ಗೆಯೇ ಹೋಗಿ ಕೇಳಿದರೆ ಪೆಟ್ಟಿಗೆ ಹಾಗೇ ಕೊಡುತ್ತಾರೆ.